ಗುಂಡಿ ಹೋಗಿ ಗಾಜು ಬಂತು



ಇವತ್ತು ನಾವು ಮೊಬೈಲ್ ಫೋನಿನ ಗುಂಡಿಗಳ ಬಗ್ಗೆ ಮಾತಾಡೋಣ. ಗುಂಡಿ ಅಂದರೆ ಬಟನ್. ಮೊದಲು ನಮ್ಮ ಕೈಯಲ್ಲಿ ಇದ್ದದ್ದು ಬಟನ್ ಫೋನು. ಈಗ ಮನೆ ಮನೆಗೆ ಬಂದಿರುವುದು ಟಚ್ ಫೋನು. ಬಟನ್ ಫೋನನ್ನು ಒತ್ತಬೇಕು. ಟಚ್ ಫೋನನ್ನು ಮುಟ್ಟಿದರೆ ಸಾಕು. ಒತ್ತುವುದು, ಮುಟ್ಟುವುದು ಎರಡೂ ಒಂದೇ ಅಲ್ಲವೇ ಅಂತ ನೀವು ಕೇಳಬಹುದು. ಒಂದೇ ಅಲ್ಲ. ನಮ್ಮ ಹೊಂಗಡಹಳ್ಳದಂಥ ಮಳೆಯ ಊರಿನಲ್ಲಿ, ತೋಟದಲ್ಲಿ ದುಡಿಯುವ ಹೆಂಗಸರಿಗೆ ಈ ವ್ಯತ್ಯಾಸ ದಿನಾ ಎದುರಿಗೆ ಬರುತ್ತದೆ.

ಮೊದಲು ಗುಂಡಿ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿದ್ದೀರಿ. ಹಸಿರು ಗುಂಡಿ ಒತ್ತಿದರೆ ಮೋಟಾರು ಓಡ್ತದೆ. ಕೆಂಪು ಗುಂಡಿ ಒತ್ತಿದರೆ ನಿಲ್ತದೆ. ಬಟನ್ ಫೋನಿನಲ್ಲೂ ಅಂಥದ್ದೇ ಸಣ್ಣ ಏರ್ಪಾಡು. ಗುಂಡಿಯ ಕೆಳಗೆ ಕವುಚಿ ಹಾಕಿದ ಬಟ್ಟಲಿನ ಹಾಗೆ ಒಂದು ತೆಳು ತಗಡು ಇರುತ್ತದೆ. ಒತ್ತಿದರೆ ಅದು ಬಗ್ಗಿ ಕೆಳಗಿನ ತಂತಿಗೆ ತಾಗುತ್ತದೆ. ಕರೆಂಟು ಹರಿಯುತ್ತದೆ. ಬೆರಳು ತೆಗೆದರೆ ತಗಡು ಮತ್ತೆ ಮೇಲೆ ಏಳುತ್ತದೆ. ಆ "ಟಿಕ್" ಅನ್ನುವ ಸದ್ದು ಅದರದ್ದೇ. ಗುಂಡಿಗೆ ಯಾರು ಒತ್ತಿದರು, ಯಾವುದರಿಂದ ಒತ್ತಿದರು ಅನ್ನುವ ಚಿಂತೆ ಇಲ್ಲ. ಕೈ ಒದ್ದೆ ಇರಲಿ, ಮಣ್ಣಾಗಿರಲಿ, ಕಡ್ಡಿಯಿಂದ ಚುಚ್ಚಿದರೂ ಅದು ಕೇಳುತ್ತದೆ.

ಗಾಜು ಹಾಗಲ್ಲ. ಗಾಜು ಬಗ್ಗುವುದಿಲ್ಲ. ಹಾಗಾದರೆ ನಾವು ಮುಟ್ಟಿದ್ದು ಅದಕ್ಕೆ ಹೇಗೆ ಗೊತ್ತಾಗ್ತದೆ?

ಫೋನಿನ ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಗೆರೆಗಳ ಜಾಲ ಇದೆ. ಉದ್ದ ಗೆರೆ, ಅಡ್ಡ ಗೆರೆ, ಚಾಪೆ ಹೆಣೆದ ಹಾಗೆ. ಅದರಲ್ಲಿ ಬಹಳ ಸಣ್ಣ ಪ್ರಮಾಣದ ವಿದ್ಯುತ್ತು ಇರುತ್ತದೆ. ಅದರಿಂದ ಶಾಕ್ ಹೊಡೆಯುವುದಿಲ್ಲ, ಹೆದರಬೇಡಿ. ನಮ್ಮ ಮೈಯಲ್ಲಿ ನೀರಿದೆ, ಉಪ್ಪಿದೆ. ಉಪ್ಪು ನೀರು ವಿದ್ಯುತ್ತನ್ನು ಸೆಳೆಯುತ್ತದೆ. ಬೆರಳು ಗಾಜಿಗೆ ತಾಗಿದ ಜಾಗದಲ್ಲಿ ಒಂದಿಷ್ಟು ವಿದ್ಯುತ್ತು ಬೆರಳಿನ ಕಡೆ ಎಳೆಯುತ್ತದೆ. ಎಷ್ಟನೇ ಉದ್ದ ಗೆರೆ, ಎಷ್ಟನೇ ಅಡ್ಡ ಗೆರೆ ಅಂತ ಫೋನು ಲೆಕ್ಕ ಹಾಕಿ ಆ ಜಾಗ ಕಂಡುಹಿಡಿಯುತ್ತದೆ.

ಇದು ತಿಳಿದರೆ ಎಷ್ಟೋ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಉಗುರಿನಿಂದ ಮುಟ್ಟಿದರೆ ಯಾಕೆ ಆಗಲ್ಲ? ಒಣ ಉಗುರಿನಲ್ಲಿ ವಿದ್ಯುತ್ತು ಹರಿಯಲ್ಲ. ಕೈಗವಸು ಹಾಕಿಕೊಂಡರೆ ಯಾಕೆ ಆಗಲ್ಲ? ದಪ್ಪ ಬಟ್ಟೆ ಅಡ್ಡ ಬರುತ್ತದೆ. ಕಳೆ ಕಿತ್ತು, ಕತ್ತಿ ಹಿಡಿದು ದಡ್ಡುಗಟ್ಟಿದ ಬೆರಳಿಗೆ ಫೋನು ಯಾಕೆ ಕೇಳಲ್ಲ? ದಡ್ಡು ಚರ್ಮ ಒಣಗಿರುತ್ತದೆ, ದಪ್ಪ ಇರುತ್ತದೆ. "ನನಗೆ ಫೋನು ಒತ್ತೋಕೆ ಬರಲ್ಲ" ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಬರಲ್ಲ ಅಂತಲ್ಲ. ಫೋನು ಮಾಡಿದವರು ಮೆತ್ತಗಿನ ಬೆರಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು ಅಂತ ನಮಗೆ ಅನ್ನಿಸುತ್ತದೆ. ಬೆರಳಿನ ಮಗ್ಗುಲಿನಿಂದ ಮುಟ್ಟಿ, ಇಲ್ಲವೇ ದಡ್ಡು ಇಲ್ಲದ ಬೆರಳಿನಿಂದ ಮುಟ್ಟಿ. ಗಾಜಿನ ಮೇಲೆ ದಪ್ಪ ಗಾರ್ಡ್ ಅಂಟಿಸಿದ್ದರೆ ತೆಳುವಾದದ್ದು ಹಾಕಿಸಿ.

ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಬರಲ್ಲ ಅನ್ನುವುದು ಬೇರೆ ವಿಷಯ. ಅಲ್ಲಿ ಯಂತ್ರ ನೋಡುವುದು ಬೆರಳಿನ ಗೆರೆಗಳನ್ನು. ದುಡಿದು ಗೆರೆ ಸವೆದಿದ್ದರೆ ಅದಕ್ಕೆ ಗುರುತು ಸಿಗಲ್ಲ. ಬೇರೆ ಬೆರಳು ಕೊಟ್ಟು ನೋಡಿ. ಯಾವುದೂ ಬಾರದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಬಹುದು.

ಇನ್ನು ಮಳೆ. ನಮ್ಮ ಕಡೆ ಜೂನಿನಲ್ಲಿ ಹಿಡಿದ ಮಳೆ ಬಿಡುವ ಹೊತ್ತಿಗೆ ಎಷ್ಟು ತಿಂಗಳು ಆಗ್ತದೆ ಅಂತ ನಿಮಗೇ ಗೊತ್ತು. ಗಾಜಿನ ಮೇಲೆ ಹನಿ ಬಿದ್ದರೆ ಫೋನು ಅದನ್ನೂ ಬೆರಳು ಅಂದುಕೊಳ್ಳುತ್ತದೆ. ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ, ಯಾರಿಗೋ ಕರೆ ಹೋಗುತ್ತದೆ. ನಾವು ನಿಜವಾಗಿ ಮುಟ್ಟಿದಾಗ ಸುಮ್ಮನಿರುತ್ತದೆ. ಇದು ಬರೀ ಕಿರಿಕಿರಿ ಅಲ್ಲ. ಸಕಲೇಶಪುರ, ಆಲೂರು ಕಡೆ ಆನೆ ಕಾಟ ಇದೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಏಲಕ್ಕಿ ಕೊಯ್ಯುತ್ತಿದ್ದಾಗ, ಸುರಿಯುವ ಮಳೆಯಲ್ಲಿ, ಆ ಸಂದೇಶ ತೆರೆಯಲು ಆಗದಿದ್ದರೆ?

ಇದಕ್ಕೆ ಒಂದು ಸುಲಭ ಉಪಾಯ ಇದೆ. ಫೋನನ್ನು ತೆಳುವಾದ, ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ಇಡಿ. ತೆಳು ಪ್ಲಾಸ್ಟಿಕ್ಕಿನ ಮೇಲಿಂದಲೂ ಗಾಜಿಗೆ ಬೆರಳು ಗೊತ್ತಾಗುತ್ತದೆ. ಕೊಪ್ಪೆಯ ಒಳಗೆ ತಂದು, ಕವರಿನ ನೀರು ಒರೆಸಿ, ಕೈ ಒರೆಸಿ ಮುಟ್ಟಿ. ಕರೆ ಬಂದಾಗ ಗಾಜು ಕೇಳದಿದ್ದರೆ, ತಂತಿಯ ಇಯರ್‌ಫೋನ್ ಇದ್ದವರು ಅದರಲ್ಲಿರುವ ಗುಂಡಿ ಒತ್ತಿ ಮಾತಾಡಬಹುದು.

ಇಷ್ಟು ತೊಂದರೆ ಇದ್ದರೂ ಗುಂಡಿ ಯಾಕೆ ತೆಗೆದರು? ಗುಂಡಿ ಸವೆಯುತ್ತದೆ. ಸಂದಿಯಲ್ಲಿ ದೂಳು, ನೀರು ಇಳಿಯುತ್ತದೆ. ಗುಂಡಿಗೆ ಬಿಟ್ಟ ಜಾಗ ಚಿತ್ರ ನೋಡಲು ಸಿಗುವುದಿಲ್ಲ. ಗಾಜನ್ನು ಮುಟ್ಟಿ ಯಂತ್ರ ನಡೆಸುವ ಉಪಾಯ ಹಳೆಯದು. ಇಂಗ್ಲೆಂಡಿನ ಇ. ಎ. ಜಾನ್ಸನ್ ಅನ್ನುವವರು 1965ರಲ್ಲೇ ಅದನ್ನು ಬರೆದು ಪ್ರಕಟಿಸಿದ್ದರು. ನಮ್ಮ ಬೆಂಗಳೂರಿನಲ್ಲೂ ಈ ಕೆಲಸ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮತ್ತು ಅವರ ಜೊತೆಯವರು ಸೇರಿ ಸಿಂಪ್ಯೂಟರ್ ಅನ್ನುವ ಕೈಗಣಕ ಮಾಡಿದರು. ಹಳ್ಳಿಯ ಜನ, ಓದು ಬಾರದವರು ಕೂಡ ಬಳಸಲಿ ಅನ್ನುವುದು ಅವರ ಆಸೆ. ಅದರ ಪರದೆಯನ್ನು ಕಡ್ಡಿಯಿಂದ ಮುಟ್ಟಿ ಕೆಲಸ ಮಾಡಬೇಕಿತ್ತು. 2004ರಲ್ಲಿ ಅದು ಮಾರಾಟಕ್ಕೆ ಬಂತು. ಬೆಲೆ ಸುಮಾರು 10 ಸಾವಿರ ರೂಪಾಯಿ. ಯಾರಿಗಾಗಿ ಮಾಡಿದರೋ ಅವರಲ್ಲಿ ಹೆಚ್ಚಿನವರ ಕೈಗೆ ಅದು ಬರಲಿಲ್ಲ.

2007ರಲ್ಲಿ ಅಮೆರಿಕದ ಆಪಲ್ ಕಂಪನಿ ಐಫೋನ್ ತಂದಿತು. ಅದರ ಮುಂಭಾಗದಲ್ಲಿ ಇದ್ದದ್ದು ಒಂದೇ ಗುಂಡಿ. 2016ರಲ್ಲಿ ಆ ಗುಂಡಿಯೂ ಅಲುಗಾಡುವುದು ನಿಂತಿತು. ಮುಟ್ಟಿದರೆ ಒಳಗೆ ಒಂದು ಸಣ್ಣ ಯಂತ್ರ ನಡುಗಿ, ಒತ್ತಿದ ಹಾಗೆ ಬೆರಳಿಗೆ ಅನ್ನಿಸುತ್ತಿತ್ತು. ಬೆರಳಿಗೆ ಸುಳ್ಳು ಹೇಳುವ ಗುಂಡಿ ಅನ್ನಿ! 2017ರ ಒಂದು ಮಾದರಿಯಲ್ಲಿ ಅದೂ ಹೋಯಿತು. ಅದೇ 2017ರಲ್ಲಿ ನಮ್ಮ ದೇಶದಲ್ಲಿ ಬಂದ ಜಿಯೋ ಫೋನಿನಲ್ಲಿ ಮಾತ್ರ ಗುಂಡಿಗಳೇ ಇದ್ದವು.

ಗಾಜಿನಿಂದ ನಮಗೆ ಆದ ದೊಡ್ಡ ಲಾಭ ಕನ್ನಡ. ಬಟನ್ ಫೋನಿನಲ್ಲಿ ಅಂಕಿಗಳ ಗುಂಡಿ ಹತ್ತು, ಚಿಹ್ನೆಗಳದ್ದು ಎರಡು. ಅದರ ಮೇಲೆ ಅಚ್ಚಾಗಿದ್ದು ಹೆಚ್ಚಾಗಿ ಇಂಗ್ಲಿಷ್ ಅಕ್ಷರ. ನಮ್ಮ ವರ್ಣಮಾಲೆಯ ಜೊತೆಗೆ ಕಾಗುಣಿತ, ಒತ್ತಕ್ಷರ ಬೇರೆ. ಅಷ್ಟು ಗುಂಡಿಯಲ್ಲಿ ಎಲ್ಲಿ ಹಿಡಿಸ್ತದೆ? ಗಾಜಿನ ಮೇಲೆ ಗುಂಡಿ ಬರೀ ಚಿತ್ರ. ಆದ್ದರಿಂದ ಕನ್ನಡ ಬೇಕು ಅಂದರೆ ಕನ್ನಡ ಅಕ್ಷರವೇ ಬರುತ್ತದೆ. ಕೆಲವು ಫೋನಿನಲ್ಲಿ ಬೆರಳಿನಿಂದ ಗಾಜಿನ ಮೇಲೆ "ಅ" ಬರೆದರೆ ಅದೂ ತಿಳಿಯುತ್ತದೆ. ಮರಳಿನ ಮೇಲೆ ಬರೆದು ಕಲಿತ ಹಾಗೆ!

ಆದರೆ ಗುಂಡಿ ಚಿತ್ರ ಆದದ್ದರಿಂದಲೇ ಒಂದು ಅಪಾಯವೂ ಬಂತು. ಬಟನ್ ಫೋನಿನಲ್ಲಿ ಹಸಿರು ಗುಂಡಿ ಯಾವತ್ತೂ ಹಸಿರು ಗುಂಡಿಯೇ. ಓದು ಬಾರದ ಅಜ್ಜಿಯೂ ಜಾಗ ನೆನಪಿಟ್ಟುಕೊಂಡು ಒತ್ತುತ್ತಿದ್ದರು. ಗಾಜಿನ ಮೇಲೆ ಇವತ್ತು ಇದ್ದ ಜಾಗದಲ್ಲಿ ನಾಳೆ ಇರಲ್ಲ. ಮೋಸಗಾರರೂ ಗುಂಡಿಯ ಚಿತ್ರ ಬರೆದು ಕಳಿಸಬಹುದು. "ಬಹುಮಾನ ಬಂದಿದೆ, ಇಲ್ಲಿ ಒತ್ತಿ", "ಗೃಹಲಕ್ಷ್ಮಿ ಹಣ ಬರಲು ಇಲ್ಲಿ ಒತ್ತಿ" ಅಂತ ಬರೆದಿರಬಹುದು. ಅಂಥದ್ದನ್ನು ಮುಟ್ಟಬೇಡಿ. ನೀವು ಈಗ ಓದು ಬಲ್ಲವರು. ಅಕ್ಷರ ಕೂಡಿಸಿ ಪೂರ್ತಿ ಓದಿ, ಆಮೇಲೆ ಬೆರಳು ಇಡಿ. ಇನ್ನೊಂದು ಮಾತು. ನಮಗೆ ಹಣ ಬರಬೇಕಾದರೆ ನಾವು ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಅಂತ ಅರ್ಥ. ಹಣ ಹೋಗಿಬಿಟ್ಟರೆ ತಡ ಮಾಡದೆ 1930 ನಂಬರಿಗೆ ಕರೆ ಮಾಡಿ.

ಎಲ್ಲ ಕಡೆ ಗುಂಡಿ ಹೋಗಿಲ್ಲ. ನಾವು ವೋಟು ಹಾಕುವ ಯಂತ್ರ ನೋಡಿ. ಅದನ್ನು ಮಾಡುವುದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಸಿದರು. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಕ್ಕೂ ಬಂತು. ಅದರಲ್ಲಿ ಇವತ್ತಿಗೂ ನೀಲಿ ಗುಂಡಿಯೇ ಇದೆ. ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಸದ್ದು ಬರುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ ಚೀಟಿ 7 ಸೆಕೆಂಡು ಕಾಣುತ್ತದೆ. ಕಣ್ಣು ಕಾಣದವರು ತಡವಿ ತಿಳಿಯಲು ಗುಂಡಿಯ ಪಕ್ಕ ಬ್ರೈಲ್ ಅಂಕಿ ಇದೆ. ಒತ್ತಿದೆವೋ ಇಲ್ಲವೋ ಅನ್ನುವ ಅನುಮಾನ ಬರುವುದಿಲ್ಲ.

ಟಚ್ ಫೋನಿನಲ್ಲೂ ನಿಜವಾದ ಗುಂಡಿ ಉಳಿದಿದೆ. ಪಕ್ಕದಲ್ಲಿ ಪವರ್ ಗುಂಡಿ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಮಾಡಿತು. 2017ರ ಜನವರಿ 1ರಿಂದ ಮಾರುವ ಫೋನುಗಳಲ್ಲಿ ಆಪತ್ತಿನ ಗುಂಡಿ ಇರಬೇಕು ಅಂತ. ಹೆಂಗಸರ ರಕ್ಷಣೆಗೆ ಅಂತಲೇ ಮಾಡಿದ್ದು. ಟಚ್ ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತಬೇಕು. ಕೆಲವು ಫೋನಿನಲ್ಲಿ ಐದು ಸಲ. ಬಟನ್ ಫೋನಿನಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿಯಬೇಕು. 5ರ ಗುಂಡಿಯ ಮೇಲೆ ಸಣ್ಣ ಉಬ್ಬು ಇರುತ್ತದೆ, ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ತುರ್ತಿಗೆ ನಂಬರು 112. ಸಿಗ್ನಲ್ ಇದ್ದರೆ ಮಾತ್ರ ಕರೆ ಹೋಗುತ್ತದೆ ಅನ್ನುವುದು ನೆನಪಿರಲಿ. ನಮ್ಮ ಗುಡ್ಡದ ಮಗ್ಗುಲಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಈಗ ನಿಮ್ಮ ನಿಮ್ಮ ಫೋನು ಕೈಗೆ ತೆಗೆದುಕೊಳ್ಳಿ. ಕಣ್ಣು ಮುಚ್ಚಿ. ಪಕ್ಕದಲ್ಲಿ ತಡವಿ ಪವರ್ ಗುಂಡಿ ಎಲ್ಲಿದೆ ಹುಡುಕಿ. ಸಿಕ್ಕಿತೇ? ಮೂರು ಸಲ ಮಾತ್ರ ಒತ್ತಬೇಡಿ. ಅತ್ತ ಕಡೆಯವರು ನಿಜ ಅಂದುಕೊಂಡು ಹೊರಟು ಬಂದಾರು.