ಎಂಟು ಮುಚ್ಚಳ

ಕೀನ್ಯಾದ ನೈರೋಬಿಯಲ್ಲಿ ಇಂಡಸ್ಟ್ರಿಯಲ್ ಏರಿಯಾ ಎಂದೇ ಹೆಸರಾದ ಕಾರ್ಖಾನೆಗಳ ಪ್ರದೇಶವಿದೆ. ಅದಕ್ಕೆ ಅಂಟಿಕೊಂಡೇ ಮುಕುರು, ತಗಡಿನ ಮನೆಗಳ ದೊಡ್ಡ ಬಡಾವಣೆ. ಕಾರ್ಖಾನೆಯಲ್ಲಿ ದುಡಿಯುವ ಎಷ್ಟೋ ತಂದೆತಾಯಿ ಅಲ್ಲಿದ್ದಾರೆ. 2019ರಲ್ಲಿ ಕೀನ್ಯಾ 1ರಿಂದ 3ನೇ ತರಗತಿಗೆ ಹೊಸ ಪಠ್ಯಕ್ರಮ ತಂದಿತು. ಮಕ್ಕಳ ಕಲಿಕೆಗೆ ಹೆತ್ತವರೂ ಕೈಜೋಡಿಸಬೇಕು ಎಂದಿತು. ದಿನವಿಡೀ ದುಡಿದು ಬಂದವರಿಗೆ ಅದು ಭಾರವೇ ಸರಿ. ‘ನನಗೇ ಓದು ಬಾರದು, ಏನು ಹೇಳಿಕೊಡಲಿ?’ ಈ ಅಳುಕು ನಮ್ಮೂರಲ್ಲೂ ಇದೆ.

ಆದರೆ ಒಂದನೇ ತರಗತಿಯ ಮಗುವಿಗೆ ಮನೆಯಲ್ಲಿ ಇನ್ನೊಬ್ಬ ಮೇಷ್ಟ್ರು ಬೇಕಿಲ್ಲ. ಸೋಡಾ ಬಾಟಲಿಯ ಎಂಟು ಮುಚ್ಚಳ ನೆಲದ ಮೇಲಿಡಿ. ಮೂರನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಿ. ಎಷ್ಟು ಉಳಿಯಿತು? ಮಗು ಒಂದೊಂದರ ಮೇಲೂ ಬೆರಳಿಟ್ಟು ಎಣಿಸುತ್ತದೆ. ಅವಸರ ಬೇಡ. ನಾಲ್ಕು ಅಂದರೆ ಗದರಬೇಡಿ. ‘ಹೇಗೆ ಎಣಿಸಿದೆ ಕಂದಾ, ತೋರಿಸು’ ಅನ್ನಿ. ತೋರಿಸುವಾಗ ಎಷ್ಟೋ ಸಲ ತಾನೇ ತಿದ್ದಿಕೊಳ್ಳುತ್ತದೆ. ನಮ್ಮ ಅಜ್ಜಿಯರು ಹುಣಸೆಬೀಜ ಹಿಡಿದು ಮಾಡಿದ್ದೂ ಇದನ್ನೇ. 1995ರಲ್ಲಿ ನಮ್ಮ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ‘ನಲಿ-ಕಲಿ’ ಎಂಬ ಕಲಿಕೆಯ ಕ್ರಮವೂ ಮಗುವನ್ನು ಅದರದೇ ವೇಗದಲ್ಲಿ ಕಲಿಯಲು ಬಿಟ್ಟಿತು.

ಇವತ್ತು ಸಂಜೆ ಮೊಬೈಲ್ ಆಚೆಗಿಟ್ಟು ಹತ್ತು ನಿಮಿಷ ಮಗುವಿನ ಪಕ್ಕ ಕೂರಿ. ಶಾಲೆಯಲ್ಲಿ ಕಲಿತದ್ದನ್ನು ಅದರ ಬಾಯಿಂದಲೇ ಕೇಳಿ.