ಗಣಕಯಂತ್ರದ ಬಾಗಿಲಲ್ಲಿ ನಮ್ಮ ಹೆಸರು

(ಸಂಘದ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕ ವರದಿಯನ್ನು ಕಾರ್ಯದರ್ಶಿಗಳು ಈಗಾಗಲೇ ಓದಿರುವುದರಿಂದ ಆ ಭಾರದಿಂದ ನಾನು ಪಾರಾಗಿದ್ದೇನೆ. ನನಗೆ ದೊರೆತಿರುವ ಅಲ್ಪಾವಧಿಯಲ್ಲಿ ಒಂದು ಸಣ್ಣ ಸಂಗತಿಯನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಸಂಗತಿ ಸಣ್ಣದು, ಆದರೆ ಅದು ನಮ್ಮ ಮಕ್ಕಳ ಹೆಸರಿಗೆ ಸಂಬಂಧಿಸಿದುದು.

ಕಳೆದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ಗಣಕಯಂತ್ರದ ಮುಂದೆ ಕುಳಿತು ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ತುಂಬುತ್ತಿದ್ದಳು. ಅವಳ ನಿಜವಾದ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ, ಲಕ್ಷ್ಮೀ ಎಂದಿಟ್ಟುಕೊಳ್ಳೋಣ. ಹೆಸರಿಗೆ ಎರಡು ಖಾನೆಗಳಿದ್ದುವು: ಒಂದು ಇಂಗ್ಲಿಷಿನಲ್ಲಿ ಬರೆಯಲು, ಇನ್ನೊಂದು ಮಾತೃಭಾಷೆಯಲ್ಲಿ ಬರೆಯಲು. ಎರಡನೆಯದರಲ್ಲಿ ಅವಳು ಕನ್ನಡದಲ್ಲಿ ಬರೆದಾಗ ಅಮಾನ್ಯವೆಂಬ ಇಂಗ್ಲಿಷ್ ಮಾತೊಂದು ಕೆಂಪಕ್ಷರದಲ್ಲಿ ಮೂಡಿತು. ಮೂರು ಸಲ ಅಳಿಸಿ ಬರೆದಳು, ಮೂರು ಸಲವೂ ಅದೇ ಉತ್ತರ. ಕೊನೆಗೆ ನನ್ನ ಕೊಠಡಿಯ ಬಾಗಿಲಿಗೆ ಬಂದು, “ಸರ್, ನನ್ನ ಹೆಸರೇ ತಪ್ಪಂತೆ” ಎಂದಳು. ಹುಟ್ಟಿದಂದಿನಿಂದ ಹೊತ್ತ ಹೆಸರನ್ನು ತಾನೇ ತಪ್ಪಾಗಿ ಬರೆಯುತ್ತಿದ್ದೇನೆಯೋ ಎಂಬ ಅಂಜಿಕೆ ಅವಳ ಮುಖದಲ್ಲಿತ್ತು. ಆ ಅರ್ಜಿ ಯಾವ ಕಚೇರಿಯದೆಂಬುದು ಇಂದಿನ ಮಾತಿಗೆ ಅಗತ್ಯವಿಲ್ಲ. ತಪ್ಪು ಅವಳದಲ್ಲವೆಂದು ಹೇಳಿ ಕಳುಹಿಸಿದೆನಾದರೂ ಏಕಲ್ಲವೆಂದು ವಿವರಿಸುವ ಶಕ್ತಿ ಆಗ ನನಗಿರಲಿಲ್ಲ.

ನಾನು ಗಣಕಶಾಸ್ತ್ರವನ್ನು ಓದಿದವನಲ್ಲ. ರಜೆಗೆ ಊರಿಗೆ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ನಾಲ್ಕು ಸಂಜೆ ನನ್ನನ್ನೂ ಹತ್ತನೆಯ ತರಗತಿಯ ಕೆಲವು ಮಕ್ಕಳನ್ನೂ ಕೂರಿಸಿಕೊಂಡು ಪಾಠ ಹೇಳಿದರು. ಮೇಷ್ಟರಿಗೆ ಶಿಷ್ಯನೇ ಮೇಷ್ಟರಾದ ಸುಖ ನನ್ನ ಪಾಲಿಗೆ ಬಂದಿತು.

ಖಾನೆಯೊಂದರಲ್ಲಿ ನಾವು ಬರೆಯುವುದೆಲ್ಲವೂ ಯಂತ್ರಕ್ಕೆ ಬರಿಯ ಅಕ್ಷರಗಳ ಸಾಲು. ಅದನ್ನು ‘ಸ್ಟ್ರಿಂಗ್’ ಎನ್ನುತ್ತಾರೆ. ಹೆಸರಿನ ಖಾನೆಯಲ್ಲಿ ಹೆಸರೇ ಬರುತ್ತದೆಂಬ ಭರವಸೆಯಿಲ್ಲ. ಖಾಲಿ ಜಾಗ ಬರಬಹುದು, ದೂರವಾಣಿಯ ಸಂಖ್ಯೆ ಬರಬಹುದು. ಆದುದರಿಂದ ಒಳಗೆ ಬಿಡುವ ಮುನ್ನ ಪರೀಕ್ಷಿಸಬೇಕು. ಇಂಥ ಪರೀಕ್ಷೆಯ ನಿಯಮಗಳನ್ನು ಅಲ್ಲೊಂದು ಇಲ್ಲೊಂದು ಚೆಲ್ಲದೆ ಒಂದೇ ಕಡೆ ಅಡಕವಾಗಿ ಬರೆಯಲು ಸಿದ್ಧ ಸಾಮಗ್ರಿಗಳಿವೆ. ಅವುಗಳಿಗೆ ಸ್ಕೀಮಾ ಲೈಬ್ರರಿಗಳೆಂದು ಹೆಸರು. ಲೈಬ್ರರಿ ಎಂದೊಡನೆ ನಮ್ಮ ಪುಸ್ತಕದ ಕಪಾಟನ್ನು ನೆನೆಯಬೇಡಿರಿ. ಯಾರೋ ಬರೆದಿಟ್ಟು ಎಲ್ಲರೂ ಬಳಸುವ ಕ್ರಮವಿಧಿಗಳ ಕಟ್ಟು ಅದು. ಪೈಥಾನ್ ಭಾಷೆಯವರಿಗೆ ‘ಪೈಡ್ಯಾಂಟಿಕ್’, ಟೈಪ್‌ಸ್ಕ್ರಿಪ್ಟ್ ಭಾಷೆಯವರಿಗೆ ‘ಜಾಡ್’ ಬಳಕೆಯಲ್ಲಿವೆ. ನಾವು ಕಲಿತದ್ದು ಎರಡನೆಯದನ್ನು.

ಸ್ಕೀಮಾ ಎಂಬುದಕ್ಕೆ ನಮ್ಮಲ್ಲಿ ಹಳೆಯ ಮಾತೊಂದುಂಟು: ಲಕ್ಷಣ. ಕಂದಪದ್ಯದ ಲಕ್ಷಣವನ್ನು ಮಕ್ಕಳು ಬಲ್ಲರು. ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಗಳ ಮೂರು ಗಣಗಳು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣಗಳು. ಒಟ್ಟು 64 ಮಾತ್ರೆಗಳು. ಪ್ರಸ್ತಾರ ಹಾಕಿ ನೋಡಿದರೆ ತಪ್ಪು ಎಲ್ಲಿದೆಯೆಂದು ತಿಳಿಯುತ್ತದೆ. ಪದ್ಯ ಚೆನ್ನಾಗಿದೆಯೇ ಎಂಬುದನ್ನು ಮಾತ್ರ ಪ್ರಸ್ತಾರ ಹೇಳಲಾರದು. ಸ್ಕೀಮಾದ ಶಕ್ತಿಯೂ ಮಿತಿಯೂ ಇಷ್ಟೇ. ಬ್ಯಾಂಕಿನ ಐ.ಎಫ್.ಎಸ್. ಕೋಡನ್ನು ನೋಡಿರಿ: ಒಟ್ಟು 11 ಚಿಹ್ನೆಗಳು, ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು, ಐದನೆಯದು ಸೊನ್ನೆ. ಸೊನ್ನೆಯ ಬದಲು ‘ಓ’ ಅಕ್ಷರವನ್ನು ಬರೆದರೆ ಸ್ಕೀಮಾ ಹಿಡಿಯುತ್ತದೆ. ಲಕ್ಷಣಬದ್ಧವಾಗಿದ್ದರೂ ಯಾವ ಬ್ಯಾಂಕಿನದೂ ಅಲ್ಲದ ಕೋಡನ್ನು ಅದು ಹಿಡಿಯಲಾರದು.

ಇನ್ನು ಲಕ್ಷ್ಮಿಯ ಹೆಸರಿಗೆ ಬರೋಣ. ಆ ಅರ್ಜಿಯ ಒಳಸಾಲುಗಳನ್ನು ಕಂಡವರು ನಾವಲ್ಲ. ಆದರೆ ಇಂಥ ನಿರಾಕರಣೆ ಯಾವ ಯಾವ ದಾರಿಯಿಂದ ಬರಬಲ್ಲುದೆಂಬುದನ್ನು ಶಾಲೆಯಲ್ಲಿಯೇ ಸ್ಕೀಮಾ ಬರೆದು ಪರೀಕ್ಷಿಸಿದೆವು. ‘ಇಂಗ್ಲಿಷಿನ 26 ಅಕ್ಷರಗಳು ಮಾತ್ರ’ ಎಂಬ ನಿಯಮವಿದ್ದರೆ ಕನ್ನಡ ಹೊರಗುಳಿಯುವುದು ಸಹಜ. ಇದು ಅಜ್ಞಾನದ ತಪ್ಪು. ಆದರೆ ಸದುದ್ದೇಶದಿಂದಲೂ ತಪ್ಪಾಗುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡಿನಲ್ಲಿ ಪ್ರತಿಯೊಂದು ಚಿಹ್ನೆಗೂ ಒಂದು ವರ್ಗವಿದೆ. ‘ಯಾವ ಭಾಷೆಯ ಅಕ್ಷರವಾದರೂ ಸರಿ’ ಎಂದು ಕ್ರಮವಿಧಿಕಾರನು ಉದಾರವಾಗಿ ಬರೆದನೆನ್ನಿ. ನಮ್ಮ ಸ್ವರ ವ್ಯಂಜನಗಳು ಆ ‘ಅಕ್ಷರ’ ವರ್ಗಕ್ಕೆ ಸೇರಿವೆ. ಆದರೆ ಗುಣಿತದ ಚಿಹ್ನೆಗಳು, ಅರ್ಧಾಕ್ಷರದ ವಿರಾಮಚಿಹ್ನೆ, ಸೊನ್ನೆ ಇವೆಲ್ಲ ‘ಗುರುತು’ ಎಂಬ ಬೇರೆ ವರ್ಗದಲ್ಲಿವೆ! ಹಾಗಾಗಿ ‘ಕಮಲ’ ಒಳಗೆ ಹೋದಳು. ‘ಲಕ್ಷ್ಮೀ’ಯೂ ‘ಉಮಾ’ನೂ ಹೊರಗುಳಿದರು. ಅಕ್ಷರಗಳ ಜೊತೆಗೆ ಗುರುತುಗಳಿಗೂ ಅನುಮತಿಯಿತ್ತಾಗ ಇಬ್ಬರೂ ಒಳಗೆ ಬಂದರು.

ಗೆದ್ದೆವೆಂದುಕೊಂಡಾಗ ‘ರಾಜ್‌ಕುಮಾರ್’ ಎಂಬ ಹುಡುಗ ಹೊರಗೆ ನಿಂತನು. ಅವನ ಹೆಸರಿನ ‘ಜ್’ ಮುಂದಿನ ‘ಕು’ವಿನೊಡನೆ ಒತ್ತಾಗಿ ಬೆಸೆಯದಿರಲೆಂದು ನಡುವೆ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಬೆರಳಚ್ಚಿಸಬೇಕಾಗುತ್ತದೆ. ಅದು ಅಕ್ಷರವೂ ಅಲ್ಲ, ಗುರುತೂ ಅಲ್ಲ. ಅದಕ್ಕೆ ಪ್ರತ್ಯೇಕವಾಗಿ ಅನುಮತಿ ಬರೆಯಬೇಕಾಯಿತು. ಹೆಸರಿನ ಮುಂದಿನ ಇನಿಷಿಯಲ್ಲುಗಳ ಚುಕ್ಕಿಗೂ ನಡುವಿನ ಖಾಲಿ ಜಾಗಕ್ಕೂ ಹಾಗೆಯೇ.

ಉದ್ದದ ಲೆಕ್ಕ ಇನ್ನೂ ಸ್ವಾರಸ್ಯಕರ. ಛಂದಸ್ಸಿನ ತರಗತಿಯಲ್ಲಿ ‘ಲಕ್ಷ್ಮೀ’ ಎಂದರೆ ಎರಡು ಅಕ್ಷರ, ಎರಡೂ ಗುರು, ನಾಲ್ಕು ಮಾತ್ರೆ. ಯಂತ್ರದ ಎಣಿಕೆಯಲ್ಲಿ ಅದು ಏಳು: ಲ, ಕ, ವಿರಾಮ, ಷ, ವಿರಾಮ, ಮ, ಕೊನೆಗೆ ದೀರ್ಘ ಈಕಾರದ ಚಿಹ್ನೆ. ‘ಲಕ್ಷ್ಮೀನಾರಾಯಣ’ನಿಗೆ ಆರು ಅಕ್ಷರಗಳಾದರೂ ಯಂತ್ರಕ್ಕೆ ಹದಿಮೂರು. ‘ಹೆಸರು ಹನ್ನೆರಡನ್ನು ಮೀರಕೂಡದು’ ಎಂದವರು ಯಾವ ಹನ್ನೆರಡನ್ನು ಎಣಿಸಿದರೆಂದು ಕೇಳಬೇಕಾಗುತ್ತದೆ. ಇದರ ಮೇಲೆ, ಆ ಈಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವದ ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ ಹುಡುಗಿಯರು. 2025ರಲ್ಲಿ ಬಂದ ಜಾಡ್‌ನ ನಾಲ್ಕನೆಯ ಆವೃತ್ತಿಯಲ್ಲಿ ‘ನಾರ್ಮಲೈಸ್’ ಎಂಬ ಪದವನ್ನು ನಿಯಮದಲ್ಲಿ ಸೇರಿಸಿದರೆ ಇವೆರಡೂ ಒಂದೇ ರೂಪಕ್ಕೆ ಬರುತ್ತವೆ.

ನಿಯಮಗಳನ್ನು ಜೋಡಿಸುವ ಕ್ರಮವೂ ಮುಖ್ಯ. ಕನಿಷ್ಠ ಒಂದು ಅಕ್ಷರವಿರಲೆಂದು ಮೊದಲು ಹೇಳಿ, ಆಮೇಲೆ ‘ಟ್ರಿಮ್’ ಮಾಡಿ ಅಂಚಿನ ಖಾಲಿ ಜಾಗಗಳನ್ನು ಕತ್ತರಿಸಿದರೆ, ಬರಿಯ ಒಂದು ಖಾಲಿ ಜಾಗವನ್ನು ಒತ್ತಿದವನೂ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆ! ಕತ್ತರಿಸಿ ಎಣಿಸಬೇಕು, ಎಣಿಸಿ ಕತ್ತರಿಸಬಾರದು. ಅಕ್ಕಿಯನ್ನು ಕೇರಿದ ಮೇಲಲ್ಲವೇ ನಾವು ಅಳೆಯುವುದು?

ಅಂಕಿಗಳ ವಿಷಯದಲ್ಲಿ ಭಾಷೆಗಳೊಳಗೇ ಭಿನ್ನಾಭಿಪ್ರಾಯವಿದೆ. ಕಾಸರಗೋಡಿನ ಪಿನ್ ಕೋಡ್ 671121. ಅದನ್ನು ೬೭೧೧೨೧ ಎಂದು ಬರೆದರೆ ಪೈಥಾನ್ ಅಂಕಿಗಳೆಂದು ಒಪ್ಪುತ್ತದೆ. ಜಾವಾಸ್ಕ್ರಿಪ್ಟಿನ ಅಂಕಿಚಿಹ್ನೆ ಒಪ್ಪುವುದಿಲ್ಲ. ಬ್ಯಾಂಕಿನ ಖಾತೆಯ ಸಂಖ್ಯೆಯನ್ನಂತೂ ಸಂಖ್ಯೆಯೆಂದು ಭಾವಿಸದೆ ಸ್ಟ್ರಿಂಗ್ ಎಂದೇ ಪರೀಕ್ಷಿಸಬೇಕು. ಇಲ್ಲವಾದರೆ ಮೊದಲಿನ ಸೊನ್ನೆ ಕಳೆದುಹೋಗಿ ಮಗುವಿನ ಹಣ ಬರದೆ ನಿಲ್ಲಬಹುದು.

ನನಗೆ ಬಹಳ ಮೆಚ್ಚಿಕೆಯಾದುದು ಬೇರೊಂದು ಗುಣ. ‘ಸೇಫ್‌ಪಾರ್ಸ್’ ಎಂಬ ವಿಧಾನದಿಂದ ಪರೀಕ್ಷಿಸಿದರೆ ಕೆಲಸ ನಡುವೆ ಮುರಿದು ಬೀಳುವುದಿಲ್ಲ. ತೇರ್ಗಡೆಯೋ ಅಲ್ಲವೋ ಎಂಬ ಉತ್ತರದೊಡನೆ, ಯಾವ ಯಾವ ಖಾನೆಯಲ್ಲಿ ಏನೇನು ಕುಂದಿದೆಯೆಂಬ ಪಟ್ಟಿ ದೊರೆಯುತ್ತದೆ. ಪ್ರತಿಯೊಂದು ನಿಯಮದ ಪಕ್ಕದಲ್ಲಿಯೂ, ಅದು ಮುರಿದಾಗ ತೋರಿಸಬೇಕಾದ ಮಾತನ್ನು ನಮ್ಮ ಭಾಷೆಯಲ್ಲಿಯೇ ಬರೆದಿಡಬಹುದು. ಹತ್ತನೆಯ ತರಗತಿಯ ಮಕ್ಕಳು ಶಾಲೆಯ ಪ್ರವೇಶಪತ್ರಕ್ಕಾಗಿ ಬರೆದ ಸ್ಕೀಮಾದಲ್ಲಿ ‘ಅಮಾನ್ಯ’ ಎಂಬ ಪದವೇ ಇಲ್ಲ. ‘ಹೆಸರಿನಲ್ಲಿ ಅಂಕಿ ಸೇರಿದೆ, ದಯವಿಟ್ಟು ನೋಡಿರಿ’ ಎಂದಿದೆ. ಈ ವಾಕ್ಯಗಳನ್ನು ರಚಿಸಿದವಳು ಲಕ್ಷ್ಮಿಯೇ. ಅವಳ ವಿದ್ಯಾರ್ಥಿವೇತನದ ಅರ್ಜಿ ಕೊನೆಗೆ ಕಾಗದದ ಮೇಲೆ, ನನ್ನ ಸಹಿಯೊಡನೆ ಹೋಯಿತು.

ಆ ಪ್ರವೇಶಪತ್ರ ಇಂದು ಪಕ್ಕದ ಕೊಠಡಿಯ ಗಣಕಯಂತ್ರದಲ್ಲಿ ತೆರೆದಿದೆ. ತಾಯಿತಂದೆಗಳು ದಯವಿಟ್ಟು ತಮ್ಮ ಮಕ್ಕಳ ಹೆಸರನ್ನು ಮನೆಯಲ್ಲಿ ಬರೆಯುವಂತೆಯೇ ಬರೆದು ನೋಡಬೇಕು. ಒಪ್ಪದಿದ್ದರೆ ಪಕ್ಕದ ನೋಟುಪುಸ್ತಕದಲ್ಲಿ ಗುರುತು ಹಾಕಿರಿ. ಅದರಲ್ಲಿ ಈಗಾಗಲೇ ಮೂರು ಹೆಸರುಗಳಿವೆ. ಎರಡನ್ನು ಮಕ್ಕಳು ಸರಿಪಡಿಸಿದ್ದಾರೆ. ಮೂರನೆಯದು ‘ಫಾತಿಮಾ’. ಒಂದು ದಾಖಲೆಯಲ್ಲಿ ‘ಫ’ಕಾರದ ಕೆಳಗೆ ಎರಡು ಚುಕ್ಕಿಗಳಿವೆ, ಇನ್ನೊಂದರಲ್ಲಿ ಇಲ್ಲ. ಎರಡನ್ನೂ ಸ್ಕೀಮಾ ಸರಿಯೆನ್ನುತ್ತದೆ. ಎರಡೂ ಒಂದೇ ಎಂದು ಮಾತ್ರ ಒಪ್ಪುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕೆಂಬುದನ್ನು ಮಗುವಿನ ತಾಯಿಯೇ ಹೇಳಬೇಕು. ಅವರು ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಸಭೆ ಮುಗಿದೊಡನೆ ಅವರನ್ನು ಆ ಕೊಠಡಿಗೆ ಕರೆದೊಯ್ಯುತ್ತೇನೆ.