ಸಂದೇಶದ ಎರಡನೆಯ ಹಂತ: ಸಮೂಹ ಸಂವಹನ ಸಿದ್ಧಾಂತ ಮತ್ತು ಭಾಷಾ ಅಲ್ಪಸಂಖ್ಯಾತ ಶಾಲೆಯ ಅಧ್ಯಾಪಕರು



ಸಮೂಹ ಸಂವಹನ ಎಂದೊಡನೆ ಪತ್ರಿಕೆ, ಆಕಾಶವಾಣಿ, ದೂರದರ್ಶನ, ಮೊಬೈಲ್ ಫೋನುಗಳು ನೆನಪಿಗೆ ಬರುವುದು ಸಹಜ. ಆದರೆ ಅವೆಲ್ಲವೂ ಸಾಧನಗಳು ಮಾತ್ರ. ಒಂದು ಮೂಲದಿಂದ ಹೊರಟ ಸಂದೇಶವು ಪರಸ್ಪರ ಪರಿಚಯವಿಲ್ಲದ ಅಸಂಖ್ಯ ಜನರನ್ನು ಮುಟ್ಟುವ ಪ್ರಕ್ರಿಯೆಯೇ ಸಮೂಹ ಸಂವಹನ. ಮುಟ್ಟಿದ ಸಂದೇಶವು ಮನಸ್ಸಿಗೆ ನಾಟುತ್ತದೆಯೇ, ನಾಟುವುದಾದರೆ ಯಾರ ಮೂಲಕ ಎಂಬುದು ಈ ಶಾಸ್ತ್ರದ ಮೂಲಭೂತ ಪ್ರಶ್ನೆಗಳಲ್ಲೊಂದು. ಅಧ್ಯಾಪಕರಿಗೆ ಈ ಶಾಸ್ತ್ರದೊಡನೆ ಸಂಬಂಧ ಕೂಡಿಬರುವುದೂ ಅಲ್ಲಿಯೇ.

ಅಮೆರಿಕದ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಲಾಸ್ವೆಲ್ 1948ರಲ್ಲಿ ಸಂವಹನದ ಅಧ್ಯಯನಕ್ಕೆ ಐದು ಪ್ರಶ್ನೆಗಳ ಚೌಕಟ್ಟನ್ನು ಒದಗಿಸಿದರು. ಹೇಳುವವರು ಯಾರು, ಹೇಳುವುದೇನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಯಾವ ಪರಿಣಾಮದೊಡನೆ ಎಂಬುವೇ ಆ ಐದು. ಚೌಕಟ್ಟು ಸರಳವಾದರೂ ಯಾವ ಸುದ್ದಿಯನ್ನಾದರೂ ಬಿಡಿಸಿ ನೋಡಲು ಇಂದಿಗೂ ಉಪಯುಕ್ತವಾಗಿದೆ.

ಐದನೆಯದಾದ ಪರಿಣಾಮದ ಪ್ರಶ್ನೆಯೇ ಅತ್ಯಂತ ಜಟಿಲವಾದುದು. ಮಾಧ್ಯಮದ ಮಾತು ಬಂದೂಕಿನ ಗುಂಡಿನಂತೆ ನೇರವಾಗಿ ಕೇಳುಗರ ಮನಸ್ಸನ್ನು ಹೊಗುತ್ತದೆ ಎಂಬ ಭಾವನೆ ಮೊದಲನೆಯ ಮಹಾಯುದ್ಧದ ಪ್ರಚಾರಕಾರ್ಯದ ಅನಂತರ ವ್ಯಾಪಕವಾಗಿತ್ತು. ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು 1940ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಓಹಾಯೊ ರಾಜ್ಯದ ಈರಿ ಕೌಂಟಿಯ ಸುಮಾರು 600 ಮತದಾರರನ್ನು ಹಲವು ತಿಂಗಳ ಕಾಲ ಮತ್ತೆ ಮತ್ತೆ ಸಂದರ್ಶಿಸಿದರು. ಪತ್ರಿಕೆ, ರೇಡಿಯೊಗಳಿಂದ ನೇರವಾಗಿ ಮನಸ್ಸು ಬದಲಿಸಿದವರು ವಿರಳವಾಗಿದ್ದರು. ನೆರೆಹೊರೆಯ, ಕುಟುಂಬದ, ಕೆಲಸದ ಸ್ಥಳದ ಮಾತುಕತೆಯ ಪ್ರಭಾವವೇ ಹೆಚ್ಚಾಗಿತ್ತು. ಮಾಧ್ಯಮವನ್ನು ಗಮನವಿಟ್ಟು ಅನುಸರಿಸುವ ಕೆಲವರು ಮೊದಲು ವಿಷಯವನ್ನು ಗ್ರಹಿಸುತ್ತಾರೆ. ಅವರ ಮೂಲಕ ಅದು ಉಳಿದವರನ್ನು ತಲುಪುತ್ತದೆ. ಇದಕ್ಕೆ ಎರಡು ಹಂತದ ಹರಿವಿನ ಸಿದ್ಧಾಂತವೆಂದು ಹೆಸರು. ಆ ಮಧ್ಯವರ್ತಿಗಳನ್ನು ಅಭಿಪ್ರಾಯ ನಾಯಕರು ಎನ್ನುತ್ತಾರೆ. ಅವರು ಧನಿಕರೋ ಅಧಿಕಾರಸ್ಥರೋ ಆಗಿರಬೇಕೆಂದಿಲ್ಲ. ಸಮಾಜದ ಎಲ್ಲ ಸ್ತರಗಳಲ್ಲಿಯೂ ಅವರಿದ್ದಾರೆ. ಸುತ್ತಲಿನವರ ವಿಶ್ವಾಸವೇ ಅವರ ಬಲ.

ಮಾತುಕತೆಯ ಈ ಶಕ್ತಿಗೆ ಭಾರತದಲ್ಲಿ ದೊರೆತ ನಿದರ್ಶನ ಇನ್ನೂ ಸ್ಪಷ್ಟವಾದುದು. 1956ರಲ್ಲಿ ಯುನೆಸ್ಕೊ ನೆರವಿನೊಡನೆ ಆಕಾಶವಾಣಿಯ ಪುಣೆ ಕೇಂದ್ರವು ಅಂದಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೊ ವೇದಿಕೆಗಳ ಪ್ರಯೋಗ ನಡೆಸಿತು. ವಾರಕ್ಕೆರಡರಂತೆ ಹತ್ತು ವಾರ ಕಾರ್ಯಕ್ರಮಗಳು ಪ್ರಸಾರವಾದವು. ಹಳ್ಳಿಗರು ಒಟ್ಟಿಗೆ ಕುಳಿತು ಕೇಳಿದರು, ಕೇಳಿದ್ದನ್ನು ಚರ್ಚಿಸಿದರು. ಅವರ ಪ್ರಶ್ನೆಗಳು ಕೇಂದ್ರಕ್ಕೆ ಹಿಂದಿರುಗಿ ಹೋದವು. ಸಮಾಜವಿಜ್ಞಾನಿ ಪಾಲ್ ನ್ಯೂರಾತ್ ಅವರ ಮೌಲ್ಯಮಾಪನದಲ್ಲಿ ವೇದಿಕೆಯಿದ್ದ ಹಳ್ಳಿಗಳ ತಿಳಿವಳಿಕೆ ಗಣನೀಯವಾಗಿ ಹೆಚ್ಚಿತ್ತು. ರೇಡಿಯೊ ಇದ್ದೂ ವೇದಿಕೆಯಿಲ್ಲದ ಹಳ್ಳಿಗಳು ಬಹಳ ಹಿಂದುಳಿದಿದ್ದವು. ಯಂತ್ರವೊಂದೇ ಸಾಲದು, ಚರ್ಚೆಯೂ ಬೇಕು ಎಂಬುದು ಆ ಪ್ರಯೋಗದ ಸಾರ.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಎರಡನೆಯ ಹಂತಕ್ಕೆ ವಿಶೇಷ ಅರ್ಥವಿದೆ. ಕಾಸರಗೋಡಿನ ಮಗುವಿಗೆ ಮಳೆಯ ಮುನ್ನೆಚ್ಚರಿಕೆ ಮಲಯಾಳದಲ್ಲಿ ಬರುತ್ತದೆ. ಅಕ್ಕಲಕೋಟೆಯ ಮಗುವಿಗೆ ಲಸಿಕೆಯ ಪ್ರಕಟಣೆ ಮರಾಠಿಯಲ್ಲಿ, ತಾಳವಾಡಿಯ ಮಗುವಿಗೆ ತಮಿಳಿನಲ್ಲಿ, ಮಡಕಶಿರದ ಮಗುವಿಗೆ ತೆಲುಗಿನಲ್ಲಿ. ಬೆಂಗಳೂರಿನ ಕನ್ನಡ ವಾಹಿನಿಯ ಸುದ್ದಿ ತಿಳಿಯುವ ಭಾಷೆಯಲ್ಲಿದ್ದರೂ ಆ ಮಗುವಿನ ತಾಲ್ಲೂಕಿನ ಸಂಗತಿಯನ್ನು ಹೇಳುವುದು ಅಪರೂಪ. ಒಂದು ಕಡೆ ವಿಷಯ ತನ್ನದು, ಭಾಷೆ ಬೇರೆ. ಇನ್ನೊಂದು ಕಡೆ ಭಾಷೆ ತನ್ನದು, ವಿಷಯ ಬೇರೆ. ಈ ನಡುವಣ ಕಂದಕಕ್ಕೆ ಸೇತುವೆಯಾಗಬಲ್ಲವರು ಎರಡು ಭಾಷೆಯನ್ನೂ ಬಲ್ಲ ಅಧ್ಯಾಪಕರು. ಮಗುವೂ ಕೇವಲ ಗ್ರಾಹಕನಲ್ಲ. ರಾಜ್ಯಭಾಷೆಯ ಪ್ರಕಟಣೆಯನ್ನು ಮನೆಯ ಅಜ್ಜಿಗೆ ಕನ್ನಡದಲ್ಲಿ ತಿಳಿಯಹೇಳುವ ಹತ್ತು ವರ್ಷದ ಬಾಲಕಿ ಆ ಮನೆಯ ಅಭಿಪ್ರಾಯ ನಾಯಕಿಯೇ ಸರಿ. ಅವಳು ತಪ್ಪಾಗಿ ಹೇಳಿದರೆ ಮನೆಯವರು ಔಷಧಿಯ ದಿನವನ್ನೋ ಪಡಿತರ ಅರ್ಜಿಯ ಕೊನೆಯ ದಿನವನ್ನೋ ಕಳೆದುಕೊಳ್ಳುತ್ತಾರೆ. ಆದುದರಿಂದ ಭಾಷಾಂತರವು ಅಲ್ಲಿ ವ್ಯಾಕರಣದ ಅಭ್ಯಾಸ ಮಾತ್ರವಲ್ಲ, ಬದುಕಿನ ಅವಶ್ಯಕತೆ.

ಸಿದ್ಧಾಂತಕ್ಕೆ ಮಿತಿಗಳಿವೆ. ಮಹತ್ವದ ಸುದ್ದಿಯು ಬಹುಮಂದಿಗೆ ಮಾಧ್ಯಮದಿಂದಲೇ ನೇರವಾಗಿ ತಲುಪುತ್ತದೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಹರಿವು ಎರಡೇ ಹಂತದಲ್ಲಿ ನಿಲ್ಲುವುದೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ವಿಶ್ವಾಸದ ದಾರಿಯಲ್ಲಿ ಸತ್ಯದಂತೆ ಸುಳ್ಳೂ ಸಂಚರಿಸುತ್ತದೆ. ವಾಟ್ಸಾಪಿನಲ್ಲಿ ಬಂಧುವೊಬ್ಬರು ಕಳುಹಿಸಿದ ವದಂತಿಯನ್ನು ಜನ ನಂಬುವುದು ಕಳುಹಿಸಿದವರ ಮೇಲಿನ ವಿಶ್ವಾಸದಿಂದ.

ಇದಕ್ಕೆ ತರಗತಿಯಲ್ಲಿ ಸುಲಭವಾದ ಅಭ್ಯಾಸವೊಂದುಂಟು. ವಾರಕ್ಕೊಮ್ಮೆ ರಾಜ್ಯಭಾಷೆಯ ಪತ್ರಿಕೆಯಿಂದ ಸ್ಥಳೀಯ ಪ್ರಕಟಣೆಯೊಂದನ್ನು ಆರಿಸಿ ಓದಿಸಬೇಕು. ಲಾಸ್ವೆಲ್ಲರ ಐದು ಪ್ರಶ್ನೆಗಳನ್ನು ಮಕ್ಕಳೇ ಕೇಳಿ ಉತ್ತರಿಸಬೇಕು. ಬಳಿಕ ಅದನ್ನು ಮನೆಯ ಹಿರಿಯರಿಗೆ ಅರ್ಥವಾಗುವಂತೆ ನಾಲ್ಕು ಕನ್ನಡ ವಾಕ್ಯಗಳಲ್ಲಿ ಬರೆದು, ಮನೆಯಲ್ಲಿ ಓದಿ ಹೇಳಬೇಕು. ಮರುದಿನ ಹಿರಿಯರು ಕೇಳಿದ ಪ್ರಶ್ನೆಗಳನ್ನು ತರಗತಿಗೆ ತರಬೇಕು. ದಿನಾಂಕ, ಸ್ಥಳ, ಪ್ರಕಟಿಸಿದ ಇಲಾಖೆ ಈ ಮೂರೂ ಬರಹದಲ್ಲಿ ತಪ್ಪದೆ ಇರುವಂತೆ ಅಧ್ಯಾಪಕರು ನೋಡಿಕೊಳ್ಳಬೇಕು.

ಪುಣೆಯ ವೇದಿಕೆಯಲ್ಲಿ ನಡೆದುದೂ ಇಷ್ಟೆ: ಕೇಳುವುದು, ಚರ್ಚಿಸುವುದು, ಪ್ರಶ್ನೆಯನ್ನು ಹಿಂದಿರುಗಿಸುವುದು. ಕನ್ನಡವು ಪಠ್ಯಪುಸ್ತಕದಲ್ಲಿ ಮಾತ್ರ ಉಳಿದರೆ ಅದು ಪರೀಕ್ಷೆಯ ಭಾಷೆ. ಊರಿಗೆ ಬಂದ ಸುದ್ದಿಯನ್ನು ಮನೆಗೆ ಮುಟ್ಟಿಸಬಲ್ಲುದಾದರೆ ಅದು ಬಾಳುವ ಭಾಷೆ.